ಧೂಮಕೇತುವಿನ ಪಾಲಿಮರ್: ಕಿರಿಯ ಸಂಶೋಧಕಿಗೊಂದು ಪತ್ರ

ಪ್ರೀತಿಯ ಮಗಳೇ,

ಧೂಮಕೇತುಗಳ ಸಾವಯವ ರಸಾಯನವನ್ನೇ ಸಂಶೋಧನೆಗೆ ಆರಿಸಿಕೊಳ್ಳಲೇ ಎಂದು ಕೇಳಿದ್ದೀಯ. ಧೈರ್ಯವಾಗಿ ಆರಿಸಿಕೊ. ಅದಕ್ಕೂ ಮೊದಲು ಪಾಲಿಆಕ್ಸಿಮೆಥಿಲೀನ್ ವಿಚಾರ ಎಲ್ಲಿಂದ ಎಲ್ಲಿಗೆ ಬಂತೆಂದು ತಿಳಿದುಕೊ.

1986ರಲ್ಲಿ ಜಿಯೊಟ್ಟೊ ನೌಕೆ ಹ್ಯಾಲಿ ಧೂಮಕೇತುವಿನ ಸಮೀಪ ಹಾದುಹೋದಾಗ ಅದರ ಉಪಕರಣಕ್ಕೆ ಸಿಕ್ಕ ಅಯಾನುಗಳ ದ್ರವ್ಯರಾಶಿ 45, 61, 75, 91, 105 ಹೀಗೆ ಏರುತ್ತಿತ್ತು. ಅಂತರ ಒಮ್ಮೆ 16, ಒಮ್ಮೆ 14. ಹದಿನಾರು ಎಂದರೆ ಆಕ್ಸಿಜನ್. ಹದಿನಾಲ್ಕು ಎಂದರೆ ಒಂದು ಕಾರ್ಬನ್, ಎರಡು ಹೈಡ್ರೋಜನ್. ಇವೆರಡೂ ಸರದಿಯಂತೆ ಪೋಣಿಸಿಕೊಂಡರೆ ಫಾರ್ಮಾಲ್ಡಿಹೈಡಿನ ಪಾಲಿಮರ್, ಅಂದರೆ ಪಾಲಿಆಕ್ಸಿಮೆಥಿಲೀನ್. 1987ರಲ್ಲಿ ವಾಲ್ಟರ್ ಹ್ಯೂಬ್ನರ್ ಅದನ್ನೇ ಹೆಸರಿಸಿದರು. ಕಾರ್ಬನ್, ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್ ಇರುವ ನಾನಾ ಅಣುಗಳ ಮಿಶ್ರಣವೂ ಇದೇ ಅಂತರದ ಸರಣಿ ಕೊಡಬಲ್ಲದು ಎಂದು ಮುಂದೆ ಬೇರೆಯವರು ತೋರಿಸಿದರು.

ಆದರೂ ಒಂದು ಪ್ರಶ್ನೆ ಉಳಿಯಿತು. ಹ್ಯಾಲಿಯ ಫಾರ್ಮಾಲ್ಡಿಹೈಡ್ ಅನಿಲವೆಲ್ಲ ಅದರ ಗಟ್ಟಿ ನಡುಭಾಗವಾದ ನ್ಯೂಕ್ಲಿಯಸ್ಸಿನಿಂದಲೇ ಬಂದಂತಿರಲಿಲ್ಲ. ಹೊರಗೆ ಹಾರುವ ದೂಳಿನಿಂದಲೂ ಹುಟ್ಟುತ್ತಿರಬೇಕಿತ್ತು. ಪ್ಯಾರಿಸ್ ಬಳಿಯ ಕ್ರೆತೇಯ್‌ನಲ್ಲಿ ಹರ್ವೆ ಕೊತ್ತಾಂ, ನಿಕೊಲಾ ಫ್ರೇ ಮತ್ತು ಜೊತೆಗಾರರು ಆ ದೂಳಿನಲ್ಲಿ ಪಾಲಿಮರ್ ಇರಬಹುದೇ ಎಂದು ನೋಡಲು ಅದನ್ನೇ ತಂದು ಕಾಯಿಸಿದರು, ನಿರ್ವಾತದಲ್ಲಿ ಅತಿನೇರಳೆ ಬೆಳಕಿಗೆ ಒಡ್ಡಿದರು. ಯಾವ ಉಷ್ಣತೆಗೆ ಎಷ್ಟು ವೇಗವಾಗಿ ಅನಿಲ ಬಿಡುತ್ತದೆ, ಬೆಳಕಿಗೆ ಏನೇನು ಹೊರಬರುತ್ತದೆ ಎಂದು ಅಳೆದರು. ಆ ಅಂಕಿಗಳನ್ನು ಮಾದರಿಗೆ ಹಾಕಿದಾಗ, ದೂಳಿನ ತೂಕದಲ್ಲಿ ಶೇಕಡಾ ಕೆಲವೇ ಅಂಶ ಈ ಪಾಲಿಮರ್ ಇದ್ದರೂ ಫಾರ್ಮಾಲ್ಡಿಹೈಡಿನ ಲೆಕ್ಕ ಕೂಡುತ್ತದೆ ಎಂದು ಕಂಡಿತು. ನನಗೆ ಈ ಕೆಲಸದ ಮೇಲೆ ಅಪಾರ ಗೌರವ. ಧೂಮಕೇತುವಿನಲ್ಲಿ ಆ ವಸ್ತು ಇರಲಿ, ಇಲ್ಲದಿರಲಿ, ಅಳತೆ ಸುಳ್ಳಾಗುವುದಿಲ್ಲ.

2014ರಲ್ಲಿ 67ಪಿ ಧೂಮಕೇತುವಿನ ಮೇಲಿಳಿದ ಫಿಲೆ ಇಳಿನೌಕೆಯ ಟಾಲೆಮಿ ಉಪಕರಣವೂ ಅಂಥದೇ ಅಂತರ ಕಂಡಿತು. ಪಾಲಿಮರ್ ಮತ್ತೆ ಮಾತಿಗೆ ಬಂತು. 2017ರಲ್ಲಿ ಕ್ಯಾಥ್ರಿನ್ ಆಲ್ಟ್ವೆಗ್ ತಂಡ, ಫಿಲೆಯನ್ನು ಹೊತ್ತೊಯ್ದ ರೊಸೆಟ್ಟಾ ನೌಕೆಯ ಸೂಕ್ಷ್ಮತರ ಮಾಪಕದ ದತ್ತಾಂಶದೊಡನೆ ಹೋಲಿಸಿ, ಪಾಲಿಮರಿಗೆ ಆಧಾರ ಸಾಲದೆಂದಿತು. ಈ ನಡುವೆ, 2016ರಲ್ಲಿ, ಅದೇ ಫ್ರೇ ಮತ್ತು ಸಂಗಡಿಗರು 67ಪಿಯ ದೂಳಿನಲ್ಲಿ ಭಾರಿ ಗಾತ್ರದ ಅಣುಗಳಿರುವ ಇಂಗಾಲದ ವಸ್ತುವನ್ನು ಗುರುತಿಸಿದ್ದರು: ಅಚ್ಚುಕಟ್ಟಾದ ಸರಪಳಿಯಲ್ಲ, ಇಂಗಾಲಯುಕ್ತ ಉಲ್ಕಾಶಿಲೆಗಳಲ್ಲಿ ಸಿಗುವ ಕರಗದ ಸಾವಯವ ವಸ್ತುವನ್ನು ಹೋಲುವಂಥದ್ದು.

ನಿನಗೆ ಕೆಲಸವಿರುವುದು ಇಲ್ಲೇ. ಅಂಥ ವಸ್ತು ಬಿಸಿಯಾದಾಗ, ಬೆಳಕು ತಗುಲಿದಾಗ ಏನನ್ನು, ಎಷ್ಟು ಬೇಗ ಬಿಡುತ್ತದೆ ಎಂದು ಅಳೆ. ರೋಹಿತ ಚೆಂದ ಕಂಡ ಮಾತ್ರಕ್ಕೆ ಹೆಸರಿಡಲು ಅವಸರಪಡಬೇಡ. ಅದೇ ರೋಹಿತ ಕೊಡಬಲ್ಲ ಇನ್ನೊಂದು ಮಿಶ್ರಣವನ್ನು ನೀನೇ ಮಾಡಿ ನೋಡು. 1987ರ ಲೇಖನವನ್ನೂ 2017ರ ಲೇಖನವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ, ನಿನ್ನ ಮೊದಲ ಪ್ರಯೋಗದ ನಕ್ಷೆ ಬರೆದು ಕಳಿಸು.

ನಿನ್ನ ಏಳಿಗೆ ಬಯಸುವ,
ಹಳೆಯ ಮೇಷ್ಟ್ರು