ಮಂಡಿಯ ಲೆಕ್ಕ ರೋಬೋಟಿಗೆ ಒಪ್ಪಿಸುವ ಮುಂಚೆ

ನೋಡು ಮಗಾ, ಸಾಫ್ಟ್‌ವೇರ್ ರೋಬೋಟ್ ಕಲಿತು ಬಂದಿದ್ದೀಯ, ಬೀರೂರಿನ ನಮ್ಮ ಅಡಿಕೆ ಮಂಡಿಯ ಕೆಲಸವನ್ನೆಲ್ಲ ಅದಕ್ಕೇ ವಹಿಸುತ್ತೇನೆ ಅಂತೀಯ. ನನಗೆ ಸಂತೋಷವೇ. ಆದರೆ ಯಾವ ಕೆಲಸ ಕೊಡಬೇಕು ಅನ್ನುವುದನ್ನು ಬೆಂಗಳೂರಲ್ಲಿ ಕೂತು ತೀರ್ಮಾನ ಮಾಡಬೇಡ. ಒಂದು ವಾರ ಗುಮಾಸ್ತರ ಪಕ್ಕ ಕೂರು. ಯಾರನ್ನೂ ಕೇಳದೆ, ದಿನಾ ಒಂದೇ ಥರ ಅವರು ಮಾಡಿ ಮುಗಿಸುವ ಕೆಲಸವನ್ನು ಗುರುತು ಹಾಕಿಕೋ. 'ಸಾಹುಕಾರರನ್ನ ಒಂದು ಮಾತು ಕೇಳಿಬಿಡ್ತೀನಿ' ಅಂತ ಎದ್ದರೆ ಆ ಕೆಲಸಕ್ಕೆ ಕೈಹಾಕಬೇಡ.

ಬ್ಯಾಂಕ್ ತಾಳೆಯನ್ನೇ ತಗೋ. ಪ್ರತಿ ಜಮಾಕ್ಕೂ ತಾರೀಖು, ಮೊತ್ತ ಇರುತ್ತೆ, ಆನ್‌ಲೈನಲ್ಲಿ ಬಂದ ಹಣಕ್ಕೆ ವಹಿವಾಟಿನ ನಂಬರೂ ಇರುತ್ತೆ. ಅದನ್ನು ಖಾತೆಗೆ ಹೊಂದಿಸುವುದು ರೋಬೋಟಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಒಬ್ಬ ವ್ಯಾಪಾರಿ ಒಂದೇ ಬಿಲ್ಲಿನ ಹಣವನ್ನು ಮೂರು ಕಂತಲ್ಲಿ, ಅದೂ ಅಣ್ಣನ ಖಾತೆಯಿಂದ ಹಾಕಿರುತ್ತಾನೆ. ಅಂಥದ್ದನ್ನು ಅದು ಊಹಿಸಿ ಹೊಂದಿಸಕೂಡದು; ಬೇರೆ ತೆಗೆದಿಟ್ಟು ಗುಮಾಸ್ತರಿಗೆ ತೋರಿಸಬೇಕು.

ಮಾಲು ಸಾಗಿಸಲು ತೆಗೆಯುವ ಇ-ವೇ ಬಿಲ್ಲಿಗೆ ರೋಬೋಟೇ ಬೇಕು ಅಂತಿಲ್ಲ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಲ್ಲೇ ಅದಕ್ಕೆ ದಾರಿ ಇದೆ, ಪೋರ್ಟಲ್ಲಿಗೆ ಒಟ್ಟಿಗೆ ಏರಿಸಲೂ ಬರುತ್ತೆ. ಇರುವುದನ್ನು ಬಿಟ್ಟು ಹೊಸದು ಕಟ್ಟಿದರೆ ದುಡ್ಡು ದಂಡ. ಏನೇ ಮಾಡು, ಕಳಿಸುವ ಮುಂಚೆ ಒಬ್ಬರು ಕಣ್ಣು ಹಾಯಿಸಲಿ. ಲಾರಿ ನಂಬರ್ ಆಮೇಲೂ ಬದಲಿಸಬಹುದು. ತೂಕ, ಮೊತ್ತ ತಪ್ಪಿದರೆ 24 ಗಂಟೆಯೊಳಗೆ ರದ್ದು ಮಾಡಿ ಹೊಸದು ತೆಗೆಯಬೇಕು. ಗುಮಾಸ್ತರ ಕೈ ತಪ್ಪಿದರೆ ಒಂದು ಬಿಲ್ ಕೆಡುತ್ತೆ, ರೋಬೋಟಿಗೆ ತಪ್ಪು ಕಲಿಸಿದರೆ ಅವತ್ತಿನ ಅಷ್ಟೂ ಬಿಲ್ ಕೆಡುತ್ತೆ.

ಮಾಲು ನೋಡುವ ಕೆಲಸದ ಹತ್ತಿರ ಮಾತ್ರ ಹೋಗಬೇಡ. ಚೀಲದ ತಳದವರೆಗೆ ಕೈ ಇಳಿಸಿ, ಹಿಡಿ ಅಡಿಕೆ ತೆಗೆದು, ಕತ್ತರಿಸಿ ಒಳಗಿನ ಬಣ್ಣ ನೋಡಿ ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ಹೇಳುವವರು ಹೇಳಲಿ. ಮುಂಗಡವೂ ಹಾಗೇ. ಬೋರ್‌ವೆಲ್ ಬತ್ತಿದ ರೈತ ಬಂದು ನಿಂತಾಗ ಖಾತೆಯಲ್ಲಿ ಹಳೇ ಬಾಕಿಯಷ್ಟೇ ಕಾಣುತ್ತೆ. ಆತ ಇಪ್ಪತ್ತು ವರ್ಷದಿಂದ ನಮಗೇ ಮಾಲು ಹಾಕುತ್ತಿದ್ದಾನೆ, ಮಗಳ ಮದುವೆ ವರ್ಷವೂ ಮಾತು ತಪ್ಪಲಿಲ್ಲ ಅನ್ನುವುದು ಎಲ್ಲೂ ಬರೆದಿರುವುದಿಲ್ಲ.

ಮೊದಲು ಬ್ಯಾಂಕ್ ತಾಳೆ ಒಂದನ್ನೇ ಶುರುಮಾಡು. ತಿಂಗಳ 11, 20ನೇ ತಾರೀಖಿನ ಜಿಎಸ್‌ಟಿ ಗಡಿಬಿಡಿಯಲ್ಲಿ ಬೇಡ. ಎರಡು ತಿಂಗಳು ಗುಮಾಸ್ತರೂ ಕೈಯಲ್ಲಿ ಮಾಡಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಅದಕ್ಕೂ ಮುಂಚೆ, ಉಳಿಯುವ ಹೊತ್ತಲ್ಲಿ ಅವರಿಗೆ ಯಾವ ಕೆಲಸ ಕೊಡುತ್ತೀಯ ಅನ್ನುವುದನ್ನು ನೀನೇ ಅವರ ಹತ್ತಿರ ಕೂತು ಹೇಳು.