ದೂರದ ವೈಫೈ ಲಿಂಕ್‌ಗೆ ಎಷ್ಟು ಪವರ್ ಸಾಕು?

5 ಗಿಗಾಹರ್ಟ್ಸ್ ಬ್ಯಾಂಡಿನ ರೇಡಿಯೊ ಲಿಂಕ್‌ನಲ್ಲಿ ಪವರ್ ಏರಿಸಿದಷ್ಟೂ ವೇಗ ಹೆಚ್ಚುತ್ತದೆ ಎಂಬುದು ಒಂದು ಹಂತದವರೆಗೆ ಮಾತ್ರ ನಿಜ. ಆ ಹಂತ ದಾಟಿದ ಮೇಲೆ ರೇಡಿಯೊದ ಒಳಗಿನ ಆಂಪ್ಲಿಫೈಯರೇ ಸಿಗ್ನಲನ್ನು ಕೆಡಿಸತೊಡಗುತ್ತದೆ. ಭದ್ರಾ ಜಲಾಶಯದ ಬಳಿಯ ಶಂಕರಘಟ್ಟ, ಲಕ್ಕವಳ್ಳಿ, ಬಿ.ಆರ್. ಪ್ರಾಜೆಕ್ಟ್ ಸುತ್ತಮುತ್ತ ಕಾಡು, ನಾಲೆ, ಹಿನ್ನೀರು ದಾಟಿಸಿ ಕೇಬಲ್ ಎಳೆಯುವುದು ಸುಲಭವಲ್ಲ. ಇಂತಹ ಕಡೆ ಎರಡು ಡಿಷ್‌ಗಳನ್ನು ಎದುರುಬದುರು ಕಟ್ಟಿ ಇಂಟರ್‌ನೆಟ್ ಸಾಗಿಸುವವರು ಪವರ್ ಹೊಂದಿಸುವ ಕ್ರಮವನ್ನು ತಿಳಿದಿರಬೇಕು.

ಮೊದಲು ದಾರಿ ನೋಡಿಕೊಳ್ಳಬೇಕು. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮಧ್ಯಮ ತರಂಗದ ಉದ್ದ ಸುಮಾರು 444 ಮೀಟರ್. ಅದು ನೆಲವನ್ನು ಅನುಸರಿಸಿ ಗುಡ್ಡದಾಚೆಗೂ ತಲುಪುತ್ತದೆ. 5.8 ಗಿಗಾಹರ್ಟ್ಸ್ ಅಲೆಯ ಉದ್ದ ಐದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೆ. ಅದಕ್ಕೆ ನೇರ ದೃಷ್ಟಿ ಬೇಕು. ಒಂದು ಡಿಷ್‌ನಿಂದ ಇನ್ನೊಂದು ಕಂಡರೂ ಸಾಲದು: 10 ಕಿ.ಮೀ. ಲಿಂಕ್‌ನ ನಟ್ಟನಡುವೆ ದೃಷ್ಟಿರೇಖೆಯ ಸುತ್ತ ಸುಮಾರು 7 ಮೀಟರ್ ಜಾಗ ತೆರವಾಗಿರಬೇಕು. ಅಡಿಕೆ ತೋಟದ ತಲೆ ಈ ಜಾಗಕ್ಕೆ ತಾಗಿದರೆ ಪವರ್ ಏರಿಸಿ ಪ್ರಯೋಜನವಿಲ್ಲ, ಡಿಷ್ ಎತ್ತರಿಸಬೇಕು. ಭದ್ರಾ ಹಿನ್ನೀರಿನ ಮೇಲೆ ಹಾಯುವ ಲಿಂಕ್‌ನಲ್ಲಿ ನೀರಿನಿಂದ ಪ್ರತಿಫಲಿಸಿದ ಅಲೆಯೂ ಬಂದು ಸೇರುತ್ತದೆ. ಜಲಾಶಯದ ಮಟ್ಟ ಬದಲಾದಂತೆ ಸಿಗ್ನಲ್ ಏರಿಳಿಯುವುದು ಇದರಿಂದಲೇ. ಸಾಧ್ಯವಿದ್ದರೆ ದಡದ ದಿಬ್ಬವೊಂದು ಆ ಪ್ರತಿಫಲನವನ್ನು ಮರೆಮಾಡುವಂತೆ ಡಿಷ್ ಜಾಗ ಆರಿಸಬೇಕು.

ಎರಡನೆಯದು ಕಾನೂನಿನ ಮಿತಿ. ಭಾರತದಲ್ಲಿ 5725ರಿಂದ 5875 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿ ಇಲ್ಲದೆ ಹೊರಾಂಗಣದಲ್ಲಿ ಬಳಸಲು 2018ರ ಅಧಿಸೂಚನೆ ಅವಕಾಶ ಕೊಟ್ಟಿದೆ. ಆಂಟೆನಾದ ಬಲವನ್ನೂ ಸೇರಿಸಿದ ಒಟ್ಟು ವಿಕಿರಣ ಶಕ್ತಿ 4 ವ್ಯಾಟ್, ಅಂದರೆ 36 ಡಿಬಿಎಂ ಮೀರಬಾರದು. ಈ ಮಾಪನದಲ್ಲಿ 0 ಡಿಬಿಎಂ ಎಂದರೆ 1 ಮಿಲಿವ್ಯಾಟ್. ಪ್ರತಿ 3 ಡೆಸಿಬಲ್‌ಗೆ ಶಕ್ತಿ ದುಪ್ಪಟ್ಟು, 10ಕ್ಕೆ ಹತ್ತು ಪಟ್ಟು. 30 ಡೆಸಿಬಲ್ ಬಲದ ಡಿಷ್ ಕಟ್ಟಿದರೆ ರೇಡಿಯೊಗೆ ಉಳಿಯುವುದು 6 ಡಿಬಿಎಂ, ಬರೀ 4 ಮಿಲಿವ್ಯಾಟ್. ಸೆಟ್ಟಿಂಗ್‌ನಲ್ಲಿ ದೇಶ ಭಾರತ ಎಂದೇ ಇರಬೇಕು, ಆಂಟೆನಾ ಬಲವನ್ನು ಸರಿಯಾಗಿ ನಮೂದಿಸಿರಬೇಕು.

4 ಮಿಲಿವ್ಯಾಟ್ ಸಾಕೇ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿ.ಮೀ. ಬಯಲಿನ ನಷ್ಟ ಸುಮಾರು 128 ಡೆಸಿಬಲ್. 36ರಿಂದ 128 ಕಳೆದು, ಆಚೆ ಬದಿಯ ಡಿಷ್‌ನ 30 ಕೂಡಿಸಿದರೆ ಮೈನಸ್ 62 ಡಿಬಿಎಂ ಸಿಗುತ್ತದೆ. 20 ಮೆಗಾಹರ್ಟ್ಸ್ ಚಾನಲ್‌ನಲ್ಲಿ ಸಾಮಾನ್ಯ ರಿಸೀವರಿನ ಗದ್ದಲದ ಮಟ್ಟ ಮೈನಸ್ 95ರ ಆಸುಪಾಸು. ಅಲ್ಲಿಗೆ ಸಿಗ್ನಲ್ ಗದ್ದಲಕ್ಕಿಂತ 33 ಡೆಸಿಬಲ್ ಮೇಲಿರುತ್ತದೆ. ಇದು ಒಳ್ಳೆಯ ಲಿಂಕ್. 16 ಡೆಸಿಬಲ್‌ನ ಪುಟ್ಟ ಪ್ಯಾನೆಲ್‌ಗಳಾದರೆ ಇದೇ ಮಿತಿಯೊಳಗೆ ಮೈನಸ್ 76 ಮಾತ್ರ ದಕ್ಕುತ್ತದೆ. ಹಾಗಾಗಿ ಹಣವನ್ನು ದೊಡ್ಡ ಡಿಷ್‌ಗೆ ಹಾಕುವುದೇ ಲೇಸು. ಚಾನಲ್ ಅಗಲವನ್ನು ಅರ್ಧಕ್ಕಿಳಿಸಿದರೂ ಗದ್ದಲ 3 ಡೆಸಿಬಲ್ ತಗ್ಗುತ್ತದೆ.

ಇನ್ನು ಯಂತ್ರದ ಮಿತಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಜಾತ್ರೆಯ ಮೈಕಿನಲ್ಲಿ ವಾಲ್ಯೂಮ್ ಮಿತಿಮೀರಿ ತಿರುಗಿಸಿದರೆ ದನಿ ಒಡೆಯುವಂತೆ ರೇಡಿಯೊ ಆಂಪ್ಲಿಫೈಯರ್ ಕೂಡ ತನ್ನ ತುದಿ ಮುಟ್ಟಿದಾಗ ಅಲೆಯ ನೆತ್ತಿಯನ್ನು ಕತ್ತರಿಸುತ್ತದೆ. ವೈಫೈ ಬಳಸುವ ಒಎಫ್‌ಡಿಎಂ ಸಿಗ್ನಲ್‌ನ ಶಿಖರಗಳು ಸರಾಸರಿಗಿಂತ ಸುಮಾರು 10 ಡೆಸಿಬಲ್ ಮೇಲೇರುವುದರಿಂದ ಸರಾಸರಿ ಪವರನ್ನು ಆಂಪ್ಲಿಫೈಯರಿನ ತುದಿಗಿಂತ ಹಲವು ಡೆಸಿಬಲ್ ಕೆಳಗಿಡುವುದು ಅನಿವಾರ್ಯ. ಆಸಿಲೇಟರಿನ ಕಂಪನ, ಎರಡು ಸಿಗ್ನಲ್ ಕವಲುಗಳ ನಡುವಿನ ಸಣ್ಣ ಅಸಮತೋಲ ಇದಕ್ಕೆ ಕೂಡಿಕೊಳ್ಳುತ್ತವೆ. ಇವೆಲ್ಲ ಸೇರಿದ ವಿರೂಪ ಸಿಗ್ನಲ್‌ನ ಜೊತೆಯಲ್ಲೇ ಆಚೆ ತುದಿಗೆ ಹೋಗುತ್ತದೆ. ಪವರ್ ಏರಿದರೆ ಅದೂ ಏರುತ್ತದೆ. ವಿರೂಪ ಸಿಗ್ನಲ್‌ಗಿಂತ 32 ಡೆಸಿಬಲ್ ಕೆಳಗಿದ್ದು, ಗದ್ದಲ 33 ಕೆಳಗಿದ್ದರೆ ಒಟ್ಟು ಗುಣಮಟ್ಟ 29.5. ಪವರನ್ನು 6 ಡೆಸಿಬಲ್ ಏರಿಸಿದಾಗ ಗದ್ದಲ 39ಕ್ಕೆ ಸರಿದರೂ, ವಿರೂಪದ ಅಂತರ 24ಕ್ಕೆ ಕುಸಿದರೆ ಒಟ್ಟು ಗುಣಮಟ್ಟ 24ರ ಒಳಗೆ ಇಳಿಯುತ್ತದೆ. ವೈಫೈ ಮಾನದಂಡವು 256 ಕ್ವಾಮ್ ಎಂಬ ಮಾಡ್ಯುಲೇಶನ್‌ನ ಅತ್ಯುನ್ನತ ವೇಗಕ್ಕೆ ಪ್ರಸಾರಕದ ವಿರೂಪ ಮೈನಸ್ 32 ಡೆಸಿಬಲ್‌ಗಿಂತ ಹೆಚ್ಚಿರಬಾರದು ಎನ್ನುತ್ತದೆ. ವೇಗ ಹೆಚ್ಚಿದಂತೆ ಡೇಟಾಶೀಟ್‌ನಲ್ಲಿ ಗರಿಷ್ಠ ಪವರ್ ಕಡಿಮೆಯಾಗುತ್ತ ಹೋಗುವುದು ಇದೇ ಕಾರಣಕ್ಕೆ.

ಪವರ್ ಹೊಂದಿಸುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಡಿಷ್‌ಗಳನ್ನು ತಿರುಗಿಸಿ ದಿಕ್ಕು ನಿಖರಗೊಂಡ ಮೇಲೆ ಅತಿ ಕಡಿಮೆ ಪವರ್‌ನಿಂದ ಶುರುಮಾಡಿ 1 ಅಥವಾ 2 ಡೆಸಿಬಲ್‌ನಂತೆ ಏರಿಸುತ್ತ, ಪ್ರತಿ ಹಂತದಲ್ಲೂ ಆಚೆ ಬದಿಯ ಸಿಗ್ನಲ್ ಮಟ್ಟ, ದಕ್ಕಿದ ಮಾಡ್ಯುಲೇಶನ್ ದರ, ಮರುಪ್ರಸಾರವಾದ ಪ್ಯಾಕೆಟ್‌ಗಳ ಪ್ರಮಾಣ ಮೂರನ್ನೂ ಬರೆದುಕೊಳ್ಳಬೇಕು. ಸಿಗ್ನಲ್ ಏರಿಯೂ ದರ ಏರದಿದ್ದರೆ, ಅಥವಾ ಮರುಪ್ರಸಾರ ಹೆಚ್ಚಿದರೆ, ಮಿತಿ ಮುಟ್ಟಿತೆಂದು ತಿಳಿದು 2–3 ಡೆಸಿಬಲ್ ಹಿಂದೆ ಬರಬೇಕು. ಕಾನೂನಿನ ಮಿತಿ ಅದಕ್ಕೂ ಮೊದಲೇ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಎರಡೂ ತುದಿಗಳನ್ನು ಬೇರೆಬೇರೆಯಾಗಿ ಅಳೆಯಬೇಕು. ಒಂದೇ ಮಾದರಿಯ ಎರಡು ರೇಡಿಯೊಗಳೂ ಒಂದೇ ತೆರನಾಗಿರುವುದಿಲ್ಲ. ನೂರಿನ್ನೂರು ಮೀಟರ್‌ನ ಕಿರು ಲಿಂಕ್‌ನಲ್ಲಿ ಅತಿ ಪ್ರಬಲ ಸಿಗ್ನಲ್ ರಿಸೀವರನ್ನೇ ಉಸಿರುಗಟ್ಟಿಸಬಹುದು, ಅಲ್ಲಿ ಪವರನ್ನು ಇನ್ನಷ್ಟು ಇಳಿಸಬೇಕು.

ಮಲೆನಾಡಿನ ಮಳೆಗೆ 5.8 ಗಿಗಾಹರ್ಟ್ಸ್ ಅಷ್ಟಾಗಿ ಬಗ್ಗುವುದಿಲ್ಲ. ಒದ್ದೆ ಎಲೆ ಮತ್ತು ಕನೆಕ್ಟರ್‌ಗೆ ಇಳಿದ ನೀರು ಹೆಚ್ಚು ತೊಂದರೆ ಕೊಡುತ್ತವೆ. 60–80 ಗಿಗಾಹರ್ಟ್ಸ್ ರೇಡಿಯೊಗಳ ಮಾತು ಬೇರೆ: ಜೋರು ಮಳೆಯಲ್ಲಿ ಕಿಲೋಮೀಟರಿಗೆ 10 ಡೆಸಿಬಲ್‌ಗೂ ಮೀರಿ ನಷ್ಟವಾಗುತ್ತದೆ. ಅಂಥವುಗಳಲ್ಲಿ ಸ್ವಯಂಚಾಲಿತ ಪವರ್ ನಿಯಂತ್ರಣವನ್ನು ಚಾಲೂ ಇಟ್ಟು, ಮಳೆ ಬಂದಾಗ ಪವರ್ ಏರುವ ಜೊತೆಗೆ ಮಾಡ್ಯುಲೇಶನ್ ತಾನಾಗಿ ಇಳಿಯುವಂತೆ ಬಿಡಬೇಕು. ಕೆಳದರ್ಜೆಯ ಮಾಡ್ಯುಲೇಶನ್ ವಿರೂಪವನ್ನು ಹೆಚ್ಚು ಸಹಿಸುವುದರಿಂದ ಆಗ ಪೂರ್ಣ ಪವರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಫರ್ಮ್‌ವೇರ್ ಬದಲಿಸಿದಾಗ ಮತ್ತು ಮುಂಗಾರಿಗೆ ಮುನ್ನ ಇದೇ ಅಳತೆಗಳನ್ನು ಮತ್ತೆ ತೆಗೆದು ಹಳೆಯ ಪಟ್ಟಿಯೊಂದಿಗೆ ಹೋಲಿಸಬೇಕು. ಸಿಗ್ನಲ್ 3 ಡೆಸಿಬಲ್‌ಗಿಂತ ಹೆಚ್ಚು ಕುಸಿದಿದ್ದರೆ ಪವರ್ ಮುಟ್ಟುವ ಮೊದಲು ಕೇಬಲ್, ಕನೆಕ್ಟರ್, ಡಿಷ್‌ನ ದಿಕ್ಕು ಪರೀಕ್ಷಿಸಬೇಕು.