ನಾಲ್ಕು ಹುಣಸೆ ಬೀಜ, ಒಂದು ಕೋಟೆ: ಮನೆಯಲ್ಲೇ ರೋಲ್‌ಪ್ಲೇಯಿಂಗ್ ಆಟ, ಹಂತ ಹಂತವಾಗಿ

ರೋಲ್‌ಪ್ಲೇಯಿಂಗ್ ಗೇಮ್ ಎಂದರೆ ಇಷ್ಟೇ: ನಾಲ್ಕೈದು ಜನ ಸುತ್ತ ಕೂತು ಬಾಯಲ್ಲೇ ಕಥೆ ಕಟ್ಟುತ್ತಾರೆ. ಒಬ್ಬರು ಸನ್ನಿವೇಶ ಹೇಳುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ 'ಈಗ ನಾನು ಹೀಗೆ ಮಾಡ್ತೀನಿ' ಅನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬ ಅನುಮಾನ ಬಂದಾಗ ಮಾತ್ರ ಡೈಸ್ ಉರುಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದ ಮೇಲೆ ಈ ಬಗೆಯ ಆಟ ಜಗತ್ತಿನ ತುಂಬ ಹಬ್ಬಿತು. ಅದರ ದಪ್ಪ ಪುಸ್ತಕ, 20 ಮುಖದ ಡೈಸ್ ನೋಡಿ 'ಇದು ನಮ್ಮಿಂದ ಆಗೋದಲ್ಲ' ಎಂದು ಹಿಂದೆ ಸರಿಯುವವರು ಬಹಳ.

ಭಯಪಡಬೇಡಿ. ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ ಬೇಕಾದ ಸಾಮಾನೆಲ್ಲ ಕೈಗೆ ಸಿಗುವಂತೆಯೇ ಇದೆ. ಚೌಕಾಬಾರ ಆಡುವ ಹುಣಸೆ ಬೀಜ, ಡಬ್ಬಿಯಲ್ಲಿ ತೊಗರಿ, ಕಣ್ಣೆದುರು ಕೋಟೆ. ಕೆಳಗಿನ ನಿಯಮಗಳನ್ನು ಅದಕ್ಕೆ ಹೊಂದುವಂತೆ ಮಾಡಿದ್ದೇನೆ. ಮೊದಲ ಆಟಕ್ಕೆ ಎರಡು ತಾಸು ಸಾಕು.

1. ಬೀಜ ಸಿದ್ಧ ಮಾಡಿ

ಚೆನ್ನಾಗಿ ಒಣಗಿದ ನಾಲ್ಕು ಹುಣಸೆ ಬೀಜ ತೆಗೆದುಕೊಳ್ಳಿ. ಒಂದೊಂದನ್ನೂ ಒರಟು ಕಲ್ಲಿನ ಮೇಲೆ ಒಂದೇ ಮಗ್ಗುಲಿಗೆ ಉಜ್ಜಿ. ಸಿಪ್ಪೆ ಹೋಗಿ ಆ ಕಡೆ ಬೆಳ್ಳಗಾಗುತ್ತದೆ, ಇನ್ನೊಂದು ಕಡೆ ಕಪ್ಪಾಗಿಯೇ ಉಳಿಯುತ್ತದೆ. ಉಜ್ಜುವಾಗ ಬೀಜ ಚುರುಗುಡುವಷ್ಟು ಬಿಸಿಯಾಗುತ್ತದೆ. ಮಕ್ಕಳ ಕೈಗೆ ಕೊಟ್ಟರೆ ಪಕ್ಕದವರ ತೋಳಿಗೆ ತಾಗಿಸುವುದು ಖಂಡಿತ, ಒಂದು ಕಣ್ಣಿಟ್ಟಿರಿ.

ಈಗ ನಾಲ್ಕನ್ನೂ ಒಟ್ಟಿಗೆ ಹತ್ತಿಪ್ಪತ್ತು ಸಲ ಚೆಲ್ಲಿ ನೋಡಿ. ಯಾವುದೋ ಒಂದು ಬೀಜ ಸದಾ ಒಂದೇ ಮೋರೆ ತೋರಿಸುತ್ತಿದ್ದರೆ ಅದನ್ನು ಬಿಟ್ಟು ಬೇರೆಯದು ಉಜ್ಜಿ. ಕವಡೆ ಇದ್ದರೆ ಕವಡೆಯೂ ಆದೀತು; ಬಾಯಿ ಮೇಲಾದರೆ ಬಿಳಿ ಎಂದು ಎಣಿಸಿ.

2. ಸಾರಥಿಯನ್ನು ಆರಿಸಿ

ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ವೇಷ ರಂಗಕ್ಕೆ ಬಂದ ಕೂಡಲೇ 'ತಾವು ಯಾರು, ಎಲ್ಲಿಂದ ಬಂದಿರಿ' ಎಂದು ಕೇಳಿ ಕಥೆ ಮುಂದಕ್ಕೆ ಒಯ್ಯುವವನು. ಇಂಗ್ಲಿಷ್ ಆಟದ ಗೇಮ್ ಮಾಸ್ಟರ್ ಮಾಡುವ ಕೆಲಸ ಹೆಚ್ಚುಕಡಿಮೆ ಅದೇ. ಗುಂಪಿನಲ್ಲಿ ಒಬ್ಬರು ಸಾರಥಿ ಆಗಲಿ.

ಇಲ್ಲೊಂದು ಎಚ್ಚರಿಕೆ: ಚೆನ್ನಾಗಿ ಮಾತಾಡುವವರೇ ಒಳ್ಳೆಯ ಸಾರಥಿ ಎಂದುಕೊಳ್ಳಬೇಡಿ. ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ಕೂರಿಸಿ.

3. ಪಾತ್ರ ಹುಟ್ಟಿಸಿ

ಉಳಿದ ಪ್ರತಿಯೊಬ್ಬರಿಗೂ ಒಂದು ಚೀಟಿ, ಒಂದು ಪೆನ್ಸಿಲ್ ಕೊಡಿ. ಇದೇ ಕ್ಯಾರೆಕ್ಟರ್ ಶೀಟ್. ಮೇಲೆ ಹೆಸರು ಮತ್ತು ಕಸುಬು ಬರೆಯಿರಿ: ಕುರಿಗಾಹಿ, ಬಳೆಗಾರ, ಸೂಲಗಿತ್ತಿ, ಬೇಡರ ಹುಡುಗ, ಯಾವುದಾದರೂ ಸರಿ. ಕೆಳಗೆ ಮೂರು ಶಕ್ತಿ ಬರೆಯಿರಿ: ಮೈಬಲ, ಚುರುಕು, ಮಾತು. ಒಂದರ ಮುಂದೆ 'ಗಟ್ಟಿ', ಒಂದರ ಮುಂದೆ 'ಸಾಧಾರಣ', ಇನ್ನೊಂದರ ಮುಂದೆ 'ಸಪ್ಪೆ' ಎಂದು ಗುರುತು ಹಾಕಿ.

ಹೊಸಬರು ಜಾರುವುದು ಇಲ್ಲಿಯೇ. ಎಲ್ಲದರಲ್ಲೂ ಗಟ್ಟಿ ಇರುವ ವೀರ ಬೇಕು ಅನ್ನಿಸುತ್ತದೆ. ಒಪ್ಪಬೇಡಿ. ಆಟದ ಮಜಾ ಇರುವುದು ಆ ಸಪ್ಪೆಯಲ್ಲಿ. ಮಾತು ಬಾರದ ಕುರಿಗಾಹಿ ಕಾವಲುಗಾರನಿಗೆ ಉತ್ತರ ಹೇಳಬೇಕಾದಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ.

4. ತೊಗರಿ ಎಣಿಸಿ

ಪ್ರತಿ ಆಟಗಾರನ ಮುಂದೆ ಮೂರು ತೊಗರಿ ಕಾಳು ಇಡಿ. ಪಾತ್ರ ಬಿದ್ದರೆ, ಗಾಯಗೊಂಡರೆ, ಹೆದರಿ ಕಂಗಾಲಾದರೆ ಒಂದು ಕಾಳು ಡಬ್ಬಿಗೆ ವಾಪಸ್. ಮೂರೂ ಹೋದರೆ ಪಾತ್ರ ಸಾಯುವುದಿಲ್ಲ: ಸೆರೆ ಸಿಗುತ್ತದೆ, ದಾರಿ ತಪ್ಪುತ್ತದೆ, ಅಥವಾ ಎಚ್ಚರ ತಪ್ಪಿ ಬೀಳುತ್ತದೆ. ಉಳಿದವರು ಹೋಗಿ ಬಿಡಿಸಬಹುದು. ಮೊದಲ ಆಟದಲ್ಲೇ ಯಾರನ್ನೂ ಸುಮ್ಮನೆ ಕೂರಿಸಬೇಡಿ.

5. ಬೀಜ ಚೆಲ್ಲುವ ನಿಯಮ ಕಲಿಯಿರಿ

ಆಟದ ಹೃದಯ ಇದು. ನಿಧಾನಕ್ಕೆ ಓದಿ.

ಆಟಗಾರ ಏನು ಮಾಡುತ್ತಾನೆಂದು ಹೇಳಿದ. ಸೋಲುವ ಸಂಭವವಿದೆ, ಸೋತರೆ ಏನೋ ಆಗುತ್ತದೆ. ಆಗ ಮಾತ್ರ ನಾಲ್ಕೂ ಬೀಜ ಚೆಲ್ಲಿ, ಬಿಳಿ ಎಣಿಸಿ.

ಒಂದು ಬಿಳಿ: ಆಗಲಿಲ್ಲ.
ಎರಡು ಬಿಳಿ: ಆಯಿತು, ಆದರೆ ಒಂದು ತೊಂದರೆ ಜೊತೆಗೆ ಬಂತು.
ಮೂರು ಅಥವಾ ನಾಲ್ಕು ಬಿಳಿ: ಆಯಿತು.
ನಾಲ್ಕೂ ಕಪ್ಪು: ಬಾರಾ! ಯಾರೂ ಎಣಿಸದ ತಿರುವು. ಏನಾಯಿತೆಂದು ಸಾರಥಿಯಲ್ಲ, ಬೀಜ ಚೆಲ್ಲಿದವರೇ ಹೇಳಬೇಕು.

ಗಟ್ಟಿ ಶಕ್ತಿ ಬಳಸುತ್ತಿದ್ದರೆ ಬಿದ್ದ ಬಿಳಿಗೆ ಒಂದು ಕೂಡಿಸಿ. ಸಪ್ಪೆಯಾದರೆ ಒಂದು ಕಳೆಯಿರಿ. ಸೊನ್ನೆಗೆ ಇಳಿದರೂ ಅದು 'ಆಗಲಿಲ್ಲ' ಅಷ್ಟೇ. ಬಾರಾ ಬಿದ್ದರೆ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ.

ಲೆಕ್ಕ ಇಷ್ಟಪಡುವವರಿಗೆ ಒಂದು ಮಾತು. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬಿಳಿ ಬರುವ ಬಗೆ 6, ಒಂದು ಬಿಳಿ 4, ಮೂರು ಬಿಳಿ 4, ನಾಲ್ಕೂ ಬಿಳಿ 1, ನಾಲ್ಕೂ ಕಪ್ಪು 1. ಎಂದರೆ ಸಾಧಾರಣ ಶಕ್ತಿ ಬಳಸುವಾಗ 'ಆಯಿತು, ಆದರೆ' ಎಂಬುದೇ ಎಲ್ಲಕ್ಕಿಂತ ಹೆಚ್ಚು ಬರುತ್ತದೆ. ಅದು ಬೇಕೆಂದೇ ಹಾಗೆ. ಬರೀ ಹೌದು, ಬರೀ ಇಲ್ಲ ಎಂದಾದರೆ ಕಥೆ ನಿಂತುಬಿಡುತ್ತದೆ. 'ಆದರೆ' ಬಂದರೆ ಮುಂದಿನ ಘಟನೆ ತಾನೇ ಹುಟ್ಟುತ್ತದೆ.

ಎಚ್ಚರಿಕೆ: ಬಾಗಿಲು ತೆರೆಯಲು, ನೀರು ಕುಡಿಯಲು ಬೀಜ ಚೆಲ್ಲಬೇಡಿ.

6. ಕಥೆಯ ನೆಲ ತಿಳಿದುಕೊಳ್ಳಿ

ಮೊದಲ ಆಟಕ್ಕೆ ಸುರಪುರ ಸೀಮೆಯ ವಾಗಣಗೇರಾ ಕೋಟೆ ತೆಗೆದುಕೊಳ್ಳಿ. 1705ರಲ್ಲಿ ಔರಂಗಜೇಬ್ ತಾನೇ ದಂಡು ಕಟ್ಟಿಕೊಂಡು ಬಂದು ಬೇಡರ ಪಿಡ್ಡನಾಯಕನ ಈ ಕೋಟೆಗೆ ಮುತ್ತಿಗೆ ಹಾಕಿದ. ಅವನೇ ಮುಂದೆ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಅದು. ಬೇಡರು ಬಂದೂಕಿನ ಗುರಿಗೆ ಹೆಸರಾದವರು. ಮರಾಠ ಸರದಾರ ಧನಾಜಿ ಜಾಧವ ಅವರ ನೆರವಿಗೆ ಬಂದ. ಕೊನೆಗೆ ಕೋಟೆ ಬಿತ್ತು, ನಾಯಕ ಮಾತ್ರ ಸಿಗಲಿಲ್ಲ. ಬಾದಶಹ ಅಲ್ಲೇ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟು ಕಾಯಿಲೆ ಬಿದ್ದ. 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ.

ಇಷ್ಟು ಇತಿಹಾಸ ಸಾಕು. ಮುಂದಿನದು ನಮ್ಮ ಕಲ್ಪನೆ: ಮುತ್ತಿಗೆಯ ಒಂದು ರಾತ್ರಿ ನಿಮ್ಮ ಪಾತ್ರಗಳು ಕೋಟೆಯಿಂದ ಹೊರಬಿದ್ದು ಮರಾಠರ ಕುದುರೆ ದಂಡಿಗೆ ಒಂದು ಸುದ್ದಿ ಮುಟ್ಟಿಸಬೇಕು.

ಇಲ್ಲಿ ಸಾರಥಿಗೆ ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎದುರಾಳಿಯನ್ನು ಬರೀ ರಾಕ್ಷಸನಾಗಿ ಮಾಡಬೇಡಿ. ಮೊಗಲ್ ಪಾಳೆಯದಲ್ಲಿ ಊರು ಬಿಟ್ಟು ಬಂದು ಬೇಸತ್ತ ಸಿಪಾಯಿಯೂ ಇರುತ್ತಾನೆ. ಕಾವಲುಗಾರನಿಗೂ ಒಂದು ಹಸಿವು, ಒಂದು ಆಸೆ ಕೊಡಿ. ಆಗ ಬೀಸುವ ಕತ್ತಿಗಿಂತ ಆಡುವ ಮಾತಿಗೆ ಬೆಲೆ ಬರುತ್ತದೆ. ಜಾತಿ, ಧರ್ಮ ಹಿಡಿದು ಹಂಗಿಸುವ ಮಾತು ಆಟಕ್ಕೆ ತರುವುದಿಲ್ಲವೆಂದು ಶುರುವಿನಲ್ಲೇ ಎಲ್ಲರೂ ಒಪ್ಪಿಕೊಳ್ಳಿ.

7. ಮೂರು ಅಡ್ಡಿ ಬರೆದಿಡಿ

ಸಾರಥಿ ಪೂರ್ತಿ ಕಥೆ ಬರೆಯುವ ಗೋಜಿಗೆ ಹೋಗಬೇಡಿ. ಮೂರು ಅಡ್ಡಿ ಸಾಕು: ಇಳಿಯಬೇಕಾದ ಕಡಿದಾದ ಬಂಡೆ, ದಾಟಬೇಕಾದ ಪಾಳೆಯ, ನಂಬಬೇಕೋ ಬೇಡವೋ ತಿಳಿಯದ ಒಬ್ಬ ಅಪರಿಚಿತ. ಅವನ್ನು ದಾಟುವ ದಾರಿ ನೀವು ಯೋಚಿಸಬೇಡಿ. ಅದು ಆಟಗಾರರ ಕೆಲಸ.

8. ಆಡಿ

ಮೂರು ವಾಕ್ಯದಲ್ಲಿ ಸನ್ನಿವೇಶ ಹೇಳಿ, ಕೊನೆಗೆ 'ಏನು ಮಾಡ್ತೀರಿ?' ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಹೀಗೆ ಸಾಗುತ್ತದೆ:

ಸಾರಥಿ: ಕಗ್ಗತ್ತಲು. ಕೆಳಗ ಪಾಳೆಯದ ಬೆಂಕಿ ಕಾಣಸ್ತದ. ಬಂಡಿ ಹತ್ರ ಒಬ್ಬ ಕಾವಲುಗಾರ ಕೆಮ್ಮಲಿಕ್ಕತ್ಯಾನ. ಏನು ಮಾಡ್ತೀರಿ?
ಸೂಲಗಿತ್ತಿ: ನಾ ಸೀದಾ ಹೋಗಿ 'ತಮ್ಮಾ, ಕಷಾಯ ಕೊಡ್ಲಾ?' ಅಂತ ಕೇಳ್ತೀನಿ.
ಸಾರಥಿ: ಮಾತು ನಿಮಗ ಸಾಧಾರಣ. ಬೀಜ ಚೆಲ್ಲರಿ.
ಸೂಲಗಿತ್ತಿ: ಎರಡು ಬಿಳಿ.
ಸಾರಥಿ: ಕುಡೀತಾನ, ಕೈ ಮುಗೀತಾನ. ಆದರ 'ನಮ್ಮ ಸರದಾರಗೂ ಜ್ವರ ಅದ, ಬರ್ರಿ' ಅಂತ ನಿಮ್ಮನ್ನ ಡೇರೇದ ಕಡೆ ಕರ್ಕೊಂಡು ಹೊಂಟಾನ.

ನೋಡಿ, ಈ ತಿರುವನ್ನು ಯಾರೂ ಮೊದಲೇ ಬರೆದಿರಲಿಲ್ಲ.

ಮಾತಾಡಲು ಸಂಕೋಚಪಡುವವರು ಇದ್ದೇ ಇರುತ್ತಾರೆ. ದನಿ ಬದಲಿಸಿ ನಟಿಸಬೇಕೆಂದೇನಿಲ್ಲ. 'ನನ್ನ ಪಾತ್ರ ಹಿಂದಿನಿಂದ ಹೋಗುತ್ತದೆ' ಎಂದರೂ ಆಟವೇ. ಅವರ ಸರದಿ ಬಂದಾಗ ಹೆಸರು ಹಿಡಿದು ಕೇಳಿ, ಕಾಯಿರಿ.

ನಿಯಮ ಮರೆತುಹೋದರೆ? ಭಯಪಡಬೇಡಿ. ಸಾರಥಿ ಒಂದು ತೀರ್ಮಾನ ಹೇಳಿ ಮುಂದೆ ಹೋಗಲಿ. ಚರ್ಚೆ ಆಟ ಮುಗಿದ ಮೇಲೆ.

9. ಕುತೂಹಲದ ಡಬ್ಬಿ ಇಡಿ

ಒಂದು ಆಟ ಮುಗಿದರೆ ಮಕ್ಕಳು ಮರುದಿನವೇ ಇನ್ನೊಂದು ಕೇಳುತ್ತಾರೆ. ಅದಕ್ಕೆ ಈಗಿನಿಂದಲೇ ಖಾಲಿ ಡಬ್ಬಿಯೊಂದನ್ನು ಇಡಿ. ಸುತ್ತಮುತ್ತ ಕಂಡ ಸೋಜಿಗವನ್ನು ಒಂದೊಂದು ಚೀಟಿಯಲ್ಲಿ ಪ್ರಶ್ನೆಯಾಗಿ ಬರೆದು ಹಾಕಿ.

ಶಹಾಪುರದ ಬೆಟ್ಟ ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ; ಒಂದು ಬೆಳಿಗ್ಗೆ ಆ ಆಕಾರ ಅಲ್ಲಿ ಇಲ್ಲದಿದ್ದರೆ? ಹುಣಸಗಿ ಹತ್ತಿರದ ಈಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಅವರ ತಂಡ ಅಗೆದು ತೆಗೆದ ಕಲ್ಲಿನ ಆಯುಧಗಳು ಹತ್ತು ಲಕ್ಷ ವರ್ಷಕ್ಕೂ ಹಳೆಯವೆಂಬ ಅಂದಾಜಿದೆ. ಆ ಕೈಗೊಡಲಿ ಕೆತ್ತುತ್ತಿದ್ದ ಜೀವಿಯ ಪಕ್ಕ ನೀವು ಕೂತರೆ ಮಾತಿಲ್ಲದೆ ಹೇಗೆ ಸ್ನೇಹ ಮಾಡುತ್ತೀರಿ? 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸೀಮೆಯ ಹಳೆಯ ಕಲ್ಗೋರಿಗಳನ್ನು ಅಗೆಸಿ ನೋಡಿದ. ಅವನ ಮನೆ ಟೇಲರ್ ಮಂಜಿಲ್‌ಗೆ ಒಂದು ರಾತ್ರಿ ಆ ಗೋರಿಯವರು ತಮ್ಮ ಮಡಕೆ ಕೇಳಿಕೊಂಡು ಬಂದರೆ? ಬೋನಾಳ ಕೆರೆಗೆ ಚಳಿಗಾಲದಲ್ಲಿ ಇಳಿಯುವ ವಲಸೆ ಹಕ್ಕಿ ಒಂದು ಪತ್ರ ತಂದಿದ್ದರೆ?

ಆಟಕ್ಕೆ ಮುಂಚೆ ಒಂದು ಚೀಟಿ ಎತ್ತಿ, ಅದಕ್ಕೆ ಮೂರು ಅಡ್ಡಿ ಹಚ್ಚಿದರೆ ಕಥೆ ಸಿದ್ಧ. ಸಾಧ್ಯವಾದರೆ ಆಡುವ ಮುಂಚೆ ಆ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಕಣ್ಣಾರೆ ಕಂಡ ಬಂಡೆಯನ್ನು ಹತ್ತುತ್ತೇನೆ ಎನ್ನುವ ಹುಡುಗಿಯ ಮಾತಿಗೆ ಬೇರೆಯದೇ ತೂಕ ಇರುತ್ತದೆ.

10. ಸಾರಥಿ ಬದಲಿಸಿ

ಎರಡನೇ ಆಟಕ್ಕೆ ಬೇರೆಯವರು ಸಾರಥಿಯಾಗಲಿ. ಮೊದಲ ಸಲ ಬಾಯಿ ಬಿಡದೆ ಕೂತವರಿಗೆ ಕೇಳಿ ನೋಡಿ. ಪಾತ್ರದ ಚೀಟಿಗಳನ್ನು ಎಸೆಯಬೇಡಿ. ಹಿಂದೆ ಏನೇನಾಯಿತೆಂದು ಎರಡು ಸಾಲು ಬರೆದು, ಬೀಜದ ಜೊತೆ ಕಟ್ಟಿಡಿ. ಇಷ್ಟಾದ ಮೇಲೆ ದೊಡ್ಡ ಆಟದ ಆಸೆ ಹುಟ್ಟಿದರೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಒಂದು ಆವೃತ್ತಿಯನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ದುಡ್ಡು ಕೊಡದೆ ಓದಬಹುದು. ಅಲ್ಲಿನ 20 ಮುಖದ ಡೈಸ್ ಕೇಳುವುದೂ ಇದೇ ಪ್ರಶ್ನೆ: ಆಯಿತೋ, ಇಲ್ಲವೋ?